ಕೆಂಪಾಗಿಯೇ ಉಳಿದ ರಕ್ತ

೧೯೮೩ರಲ್ಲಿ ನಾನು ಇಳಕಲ್ಲಿನ ಒಂದು ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಅಮೀನಗಡದ ಕಡೆಯಿಂದ ಲಗಮವ್ವ ಎಂಬಾಕೆ ತನ್ನ ಬಾಣಂತಿ ಮಗಳು ತಾಯವ್ವನನ್ನು ಚಕ್ಕಡಿಯಲ್ಲಿ ಕರೆತಂದಳು. ಥಂಡಿ ಹತ್ತಬಾರದೆಂದು ಬಾಣಂತಿ ಕೋಣೆಯ ಕಿಟಕಿಗೆ ಗೋಣಿಚೀಲ ತುರುಕಿ, ಅವಳು ಮಲಗುವ ಹೊರಸಿನ ಕೆಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟಿದ್ದರಂತೆ.

"ಮಾರಿ ನೋಡ್ರಿ, ಎಷ್ಟು ಕೆಂಪಗೈತಿ. ಕಾವು ಚಲೋ ತಾಗೇತ್ರಿ," ಎಂದಳು ಲಗಮವ್ವ, ಮಗಳ ಮುಖ ತೋರಿಸಿ.

ಮಗಳು ಸತ್ತು ಎಷ್ಟೋ ಹೊತ್ತಾಗಿತ್ತು.

ಆಗ ನಮ್ಮಲ್ಲಿದ್ದದ್ದು ಸರಳ ಪರೀಕ್ಷೆ. ನೀರು ಬೆರೆಸಿದ ರಕ್ತಕ್ಕೆ ಕ್ಷಾರದ ಹನಿ ಹಾಕಿದರೆ ಅದು ಕಂದು ಬಣ್ಣಕ್ಕೆ ತಿರುಗಬೇಕು. ಇದ್ದಿಲಿನ ವಿಷಗಾಳಿ ಸೇರಿದ್ದರೆ ಕೆಂಪಾಗಿಯೇ ಉಳಿಯುತ್ತದೆ. ಹೋಲಿಸಿ ನೋಡಲು ಪಕ್ಕದಲ್ಲಿ ನನ್ನ ರಕ್ತ ಇಟ್ಟೆ. ನನ್ನದು ತಿರುಗಿತು, ಅವಳದು ತಿರುಗಲಿಲ್ಲ.

ಹದಿನೈದು ದಿನಗಳ ಮೇಲೆ ಆ ಕೋಣೆ ನೋಡಿ ಬರಲು ಡಾಕ್ಟರು ನನ್ನನ್ನು ಕಳಿಸಿದರು. ಮಟಮಟ ಮಧ್ಯಾಹ್ನ. ಕಿಟಕಿ ತೆರೆದಿತ್ತು, ಅಗ್ಗಿಷ್ಟಿಕೆಯನ್ನು ತಿಪ್ಪೆಗೆ ಒಗೆದಿದ್ದರು. ಹೊರಸು ಇದ್ದ ಜಾಗದ ನೆಲ ಮಾತ್ರ ಕೈಯಿಡಲಾಗದಷ್ಟು ಸುಡುತ್ತಿತ್ತು.

"ಅವತ್ತಿಂದ ಆರವಲ್ದ್ರಿ," ಎಂದಳು ಲಗಮವ್ವ. "ಕೆಂಡ ನಾನ ಹಾಕಿದ್ದೆ."

ತಲೆ ಭಾರವಾಗಿ ಹೊರಗೆ ಬಂದೆ. ಒಳಗಿದ್ದದ್ದು ಐದು ನಿಮಿಷ. ದವಾಖಾನೆಗೆ ಮರಳಿ ನನ್ನ ರಕ್ತಕ್ಕೆ ಹನಿ ಹಾಕಿದೆ. ಕೆಂಪಾಗಿಯೇ ಉಳಿಯಿತು. ಒಳ್ಳೆಯ ಗಾಳಿಯಲ್ಲಿದ್ದರೆ ಆ ವಿಷ ಒಂದೆರಡು ದಿನದಲ್ಲಿ ರಕ್ತ ಬಿಟ್ಟು ಹೋಗಬೇಕು.

ಇದಾಗಿ ಆರು ವರ್ಷವಾಯಿತು. ನಿನ್ನೆಯೂ ಹಾಕಿ ನೋಡಿದೆ, ತಿರುಗಲಿಲ್ಲ. "ಈಚೆಗೆ ನಿಮ್ಮ ಮಾರಿ ಕೆಂಪಗಾಗಿ ಭಾಳ ಕಳೆ ಬಂದೈತ್ರಿ," ಎನ್ನುತ್ತಾಳೆ ಹೆಂಡತಿ.