ಹನಿಮೂನಿನ ನಾಲ್ಕನೆಯ ದ್ವೀಪ

ಬೆಳಿಗ್ಗೆ ಟ್ರಾವೆಲ್ಸ್ ಕಚೇರಿಯ ಬಾಗಿಲು ತೆರೆದ ತಮ್ಮನಿಗೆ ಮೊದಲು ಕಂಡದ್ದು ಅಕ್ಕನ ಚಪ್ಪಲಿ. ಆಮೇಲೆ ಅಕ್ಕ. ಗೋಡೆಯ ದೊಡ್ಡ ನಕ್ಷೆಯ ಕೆಳಗೆ ಮಗ್ಗುಲಾಗಿ ಬಿದ್ದಿದ್ದಳು. ತಲೆಗೆ ಪೆಟ್ಟು, ಉಸಿರಿಲ್ಲ. ಪಕ್ಕದಲ್ಲಿ ಹಿತ್ತಾಳೆಯ ಗ್ಲೋಬು. ಅವಳ ಫೋನ್ ಮಾಯ.

ಜನ ಅವಳನ್ನು ದ್ವೀಪದಕ್ಕ ಎಂದೇ ಕರೆಯುತ್ತಿದ್ದರು. ಹೊಸ ಜೋಡಿಗಳನ್ನು ದೂರದ ಬೆಚ್ಚನೆಯ ದ್ವೀಪಗಳಿಗೆ ಕಳಿಸುವುದು ಅವಳ ಕಸುಬು. ತಾನು ಮಾತ್ರ ಮದುವೆಯ ಗೋಜಿಗೇ ಹೋಗಿರಲಿಲ್ಲ.

ಇನ್ಸ್‌ಪೆಕ್ಟರಮ್ಮ ತಮ್ಮನ ಎದುರು ಕುರ್ಚಿ ಎಳೆದುಕೊಂಡಳು. ಸುತ್ತಿ ಬಳಸಿ ಮಾತಾಡುವುದು ಆಕೆಗೆ ಆಗಿಬರದು.

"ನಿನ್ನೆ ಸಂಜೆ ಅಕ್ಕನ ಜೊತೆ ಜಗಳ ಆಡಿದ್ರಂತೆ. ಪಕ್ಕದ ದರ್ಜಿ ಹೇಳಿದ್ರು."

"ಹೌದು ಮೇಡಂ. ಕೂಗಾಡಿದೆ."

"ಯಾಕೆ?"

"ಫೋಟೋ ವಿಷಯಕ್ಕೆ. ಅಕ್ಕ ಪ್ರತಿ ಜೋಡಿಯ ಫೋಟೋನೂ ಮೊದಲೇ ದ್ವೀಪದ ಗೆಸ್ಟ್ ಹೌಸುಗಳಿಗೆ ಕಳಿಸ್ತಿದ್ಲು. ದೋಣಿ ಇಳಿದ ಕೂಡಲೇ ಅವರು ಗುರುತು ಹಿಡಿದು, ಸ್ವಂತ ನೆಂಟರ ಹಾಗೆ ಕರ್ಕೊಂಡು ಹೋಗ್ಲಿ ಅಂತ. ಜೋಡಿನ ಕೇಳದೆ ಕಳಿಸಬೇಡ ಅಂದೆ. ನನಗೇ ಬುದ್ಧಿ ಹೇಳ್ತೀಯಾ ಅಂದ್ಲು. ಸಿಟ್ಟಲ್ಲಿ ಎದ್ದು ಹೋದೆ." ಅವನು ಅಕ್ಕನ ಚಪ್ಪಲಿಯ ಕಡೆ ನೋಡಿದ. "ಅದೇ ಕೊನೇ ಮಾತು."

ಇವನೇ ಎಂದು ಪೇದೆ ಕಣ್ಸನ್ನೆ ಮಾಡಿದ. ಆಕೆ ಕಂಡೂ ಕಾಣದವಳಂತೆ ನಕ್ಷೆಯ ಕಡೆ ತಿರುಗಿದಳು. ಗುಂಡುಪಿನ್ನುಗಳ ನಡುವೆ ಬಿಗಿಯಾಗಿ ಕಟ್ಟಿದ ಬಣ್ಣಬಣ್ಣದ ದಾರಗಳು. ಕೆಂಪು ದಾರ ಮಾತ್ರ ಒಂದು ಕಡೆ ಜೋತುಬಿದ್ದಿತ್ತು.

"ಈ ಕೆಂಪು ದಾರ ಯಾರದ್ದು?"

"ಇವತ್ತು ಬರೋ ಜೋಡಿದು. ಮುಂದಿನ ವಾರ ಮದುವೆ. ಐದು ದ್ವೀಪ."

"ಇಲ್ಲಿ ನಾಲ್ಕೇ ಪಿನ್ನು ಇದೆ."

ತಮ್ಮ ಹತ್ತಿರ ಬಂದು ನೋಡಿದ. ದಾರಿಯ ನಾಲ್ಕನೆಯ ಪುಟ್ಟ ದ್ವೀಪದ ಮೇಲೆ ಬರೀ ತೂತು. "ನಿನ್ನೆ ಇತ್ತು ಮೇಡಂ. ಹುಡುಗೀನೇ ಚುಚ್ಚಿದ್ಲು."

*

ಕಚೇರಿಗೆ ಬಂದ ಮದುಮಗಳು ಸುದ್ದಿ ಕೇಳಿ ಬಿಕ್ಕಿಬಿಕ್ಕಿ ಅತ್ತಳು. ಮದುಮಗ ಅವಳ ಬೆನ್ನು ಸವರುತ್ತ ನಿಂತ.

"ನಾಲ್ಕನೇ ದ್ವೀಪ ಯಾಕೆ ಬಿಟ್ರಿ?" ಎಂದಳು ಇನ್ಸ್‌ಪೆಕ್ಟರಮ್ಮ.

"ಬಿಟ್ವಾ? ಅದೇ ನನಗೆ ತುಂಬಾ ಇಷ್ಟ ಆಗಿತ್ತು," ಎಂದಳು ಹುಡುಗಿ.

"ಅಲ್ಲಿನ ಗೆಸ್ಟ್ ಹೌಸ್ ಮುಚ್ಚಿದೆಯಂತೆ," ಎಂದ ಅವನು. "ನಿನ್ನೆ ಅಕ್ಕ ಫೋನ್ ಮಾಡಿದ್ರು."

"ಸಂಜೆ ನೀವು ಇಲ್ಲಿಗೆ ಬಂದಿದ್ರಾ?"

"ಇಲ್ಲ ಮೇಡಂ. ಮನೇಲೇ ಇದ್ದೆ."

"ಆ ಕಡೆ ಮೊದಲು ಹೋಗಿದ್ದೀರಾ?"

"ಎಲ್ಲಿ ಬಂತು ಮೇಡಂ? ಇದೇ ಮೊದಲು."

"ನನಗಂತೂ ಈಜೋಕೂ ಬರಲ್ಲ," ಎಂದಳು ಹುಡುಗಿ ಕಣ್ಣೊರೆಸಿಕೊಂಡು. "ಅಲ್ಲೇ ಕಲಿಸ್ತೀನಿ ಅಂದಿದ್ರು ಇವರು."

ಇನ್ಸ್‌ಪೆಕ್ಟರಮ್ಮ ತಮ್ಮನ ಕಡೆ ತಿರುಗಿದಳು. "ಆ ಗೆಸ್ಟ್ ಹೌಸ್ ನಂಬರ್ ಇದೆಯಲ್ಲ? ಫೋನ್ ಮಾಡಿ. ಎಲ್ಲರಿಗೂ ಕೇಳೋ ಹಾಗೆ."

ಗೆಸ್ಟ್ ಹೌಸ್ ಮುಚ್ಚಿದ್ದೀರಾ ಎಂದು ತಮ್ಮ ಕೇಳಿದ್ದಕ್ಕೆ ವಯಸ್ಸಾದ ಹೆಂಗಸಿನ ದನಿ ಬಂತು. "ಮುಚ್ಚೋದಾ? ಯಾರು ಹೇಳಿದ್ದು? ಮೊದಲು ಅಕ್ಕ ಎಲ್ಲಿ ಹೇಳಪ್ಪಾ. ಆ ಮದುವೆ ನಿಲ್ಲಿಸಿದ್ಲಾ? ಫೋಟೋ ನೋಡಿ ನನ್ನ ಎದೆ ಧಸಕ್ ಅಂತು. ಅವನು ಸತ್ತವನು ಕಣಪ್ಪಾ! ಹಿಂದೆ ಬೇರೆ ಹೆಸರಲ್ಲಿ, ಬೇರೆ ಹೆಂಡ್ತಿ ಜೊತೆ ಬಂದಿದ್ದ. ಈಜು ಕಲಿಸ್ತೀನಿ ಅಂತ ಕರ್ಕೊಂಡು ಹೋದ. ಹುಡುಗಿ ಹೆಣ ಸಿಕ್ತು, ಅವನದು ಸಿಗಲೇ ಇಲ್ಲ. ಉಳಿಸೋಕೆ ಹೋಗಿ ಅವನೂ ಮುಳುಗಿದ ಅಂದ್ಕೊಂಡ್ವಿ. ಒಬ್ಬರ ಮಾತು ಕೇಳಿ ಮದುವೆ ಮುರೀಬಾರದು, ಅವನನ್ನೂ ಕೇಳ್ತೀನಿ ಅಂದ್ಲು ಅಕ್ಕ. ಸಂಜೆ ನಾನು ಮತ್ತೆ ಫೋನ್ ಮಾಡಿದಾಗ, ಅವನು ಬಂದ, ಆಮೇಲೆ ಮಾತಾಡ್ತೀನಿ ಅಂತ ಇಟ್ಟುಬಿಟ್ಲು."

ಮದುಮಗ ಬಾಗಿಲಿಗೆ ಹಾರಿದ. ಪೇದೆ ಅಡ್ಡ ನಿಂತು ರಟ್ಟೆ ಹಿಡಿದ.

"ನೀನು ಪಿನ್ನು ಮುಟ್ಟದೇ ಹೋಗಿದ್ರೆ, ನಾನು ಈ ತಮ್ಮನನ್ನೇ ಎಳ್ಕೊಂಡು ಹೋಗ್ತಿದ್ದೆ," ಎಂದಳು ಇನ್ಸ್‌ಪೆಕ್ಟರಮ್ಮ. "ಆ ದ್ವೀಪ ಯಾರ ಕಣ್ಣಿಗೂ ಬೀಳಬಾರದು ಅಂತ ಕಿತ್ತೆ. ಅಕ್ಕ ತೆಗೆದಿದ್ರೆ ದಾರ ಬಿಚ್ಚಿ ಬಿಗಿಯಾಗಿ ಕಟ್ಟಿರ್ತಿದ್ಲು. ಇನ್ನು ಗೆಸ್ಟ್ ಹೌಸ್ ಮುಚ್ಚಿದೆ ಅಂತ ಸುಳ್ಳು ಹೇಳಿ ನೀನೇ ಸಿಕ್ಕಿಬಿದ್ದೆ."

ತಮ್ಮ ಮುಖ ಮುಚ್ಚಿಕೊಂಡು ಅತ್ತ. ಅಕ್ಕ ಹಟ ಬಿಡದೆ ಕಳಿಸಿದ ಫೋಟೋ ಒಂದು ಜೀವ ಉಳಿಸಿತ್ತು. ಅವಳದ್ದು ಮಾತ್ರ ಉಳಿಯಲಿಲ್ಲ.

ಮದುಮಗಳು ಫೋನಿನ ಹತ್ತಿರ ಬಂದಳು.

"ಅಮ್ಮಾ, ಆ ಹುಡುಗಿಗೆ ತಾಯಿ ಇದ್ದಾರಾ?"

"ಇದ್ದಾರಮ್ಮ. ಪ್ರತಿ ವರ್ಷ ಬರ್ತಾರೆ. ಮಗಳಿಗೋಸ್ಕರ, ಅಳಿಯನಿಗೋಸ್ಕರ ದಂಡೆ ಮೇಲೆ ಕೂತು ಅತ್ತು ಹೋಗ್ತಾರೆ."

ಹುಡುಗಿ ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡಳು.

"ಅವರ ನಂಬರ್ ಕೊಡಿ. ಇನ್ನು ಮಗಳಿಗೋಸ್ಕರ ಮಾತ್ರ ಅತ್ತರೆ ಸಾಕು ಅಂತ ನಾನೇ ಹೇಳ್ತೀನಿ."