ಜೀವನ್ ಹೆಸರಲ್ಲಿ ಅಳಿಸಿದ್ದು

"ಆ ಕೀಬೋರ್ಡ್ ಸ್ವಲ್ಪ ಬಿಡ್ತೀರಾ ಮೇಡಂ?"

ಕೀರ್ತನಾ ತಿರುಗಿ ನೋಡಿದಳು. ಬಾಗಿಲಲ್ಲಿ ನಿಂತವನ ಮುಖ ಕೆಂಪಾಗಿತ್ತು. ತನ್ನ ಕೂಸನ್ನು ಗುರುತಿಲ್ಲದವರು ಎತ್ತಿಕೊಂಡರೆ ತಾಯಿ ನೋಡುವ ಹಾಗೆ ನೋಡುತ್ತಿದ್ದ.

ವಿಜಯನಗರದ ಆ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದರು. ಎಲ್ಲ ಮದುವೆಗಳೂ ಒಂದೇ ಸ್ಟೋರೇಜ್ ಸರ್ವರ್‌ನಲ್ಲಿ ಇರುತ್ತಿದ್ದವು. ಅದನ್ನು ಕಟ್ಟಿ ಸಾಕಿದವನು ಈ ಜೀವನ್. ಅಲ್ಲಿ ಎಲ್ಲರೂ ಲಿನಕ್ಸ್ ಕಂಪ್ಯೂಟರ್ ಬಳಸುವವರೇ, ಸರ್ವರ್ ಕೂಡ ಅವರಿಗಷ್ಟೇ ಒಗ್ಗಿತ್ತು. ಈಗ ಆಲ್ಬಂ ಮಾಡುವವರಿಗೆ ಹೊಸ ವಿಂಡೋಸ್ ಕಂಪ್ಯೂಟರ್‌ಗಳು ಬಂದಿದ್ದವು. ಅವರಿಗೂ ಅದೇ ಫೈಲ್‌ಗಳು ಸಿಗಬೇಕು. ಆ ಕೆಲಸಕ್ಕೆ ಮಾಲೀಕ ಮೋಹನ್ ಕುಮಾರ್ ಹೊರಗಿನ ಕಂಪನಿಯಿಂದ ಕೀರ್ತನಾಳನ್ನು ಕರೆಸಿದ್ದರು, ಜೀವನ್‌ಗೆ ಒಂದು ಮಾತೂ ಹೇಳದೆ.

"ಸಾಂಬಾ ಅನ್ನೋ ಸಾಫ್ಟ್‌ವೇರ್ ಹಾಕಿ ವಿಂಡೋಸ್‌ನವರಿಗೆ ಫೈಲ್ ಸಿಗೋ ಹಾಗೆ ಒಂದು ಶೇರ್ ಕೊಡ್ಬೇಕು, ಅಷ್ಟೇ ಸಾರ್."

"ಅಷ್ಟೇನಾ? ಯಾರ್ ಫೈಲ್ ಯಾರ್ ಹೆಸರಲ್ಲಿರ್ಬೇಕು, ಯಾರು ಅಳಿಸ್ಬಹುದು, ಯಾರು ಮುಟ್ಟೋ ಹಾಗಿಲ್ಲ... ಇಲ್ಲಿ ಎಲ್ಲಕ್ಕೂ ಒಂದು ಪದ್ಧತಿ ಇದೆ."

"ಹಾಗಾದ್ರೆ ಹೇಳ್ಕೊಡಿ."

ಜಗಳಕ್ಕೆ ತೋಳೇರಿಸಿ ಬಂದವನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.

ಪ್ರೀತಿ ಸರ್ವರ್ ರೂಮಿನ ಎಸಿ ಚಳಿಯಲ್ಲೂ ಹುಟ್ಟುತ್ತದೆ ಅಂದರೆ ನೀವು ನಗಬಹುದು. ಇವರದ್ದು ಅಲ್ಲೇ ಹುಟ್ಟಿತು. 'ನೀವು' ಹೋಗಿ 'ನೀನು' ಬಂತು. ಸಂಜೆ ಅವಳನ್ನು ರಾಜರಾಜೇಶ್ವರಿನಗರದವರೆಗೂ ಬೈಕಿನಲ್ಲಿ ಬಿಟ್ಟು ಅವನು ಮಲ್ಲತ್ತಹಳ್ಳಿಯ ಮನೆಗೆ ವಾಪಸಾಗುತ್ತಿದ್ದ.

"ನಿಂಗೆ ಸುತ್ತು ಆಗಲ್ವಾ?"

"ಇಲ್ವಲ್ಲ, ಇದೇ ನನ್ನ ದಾರಿ."

ಶುದ್ಧ ಸುಳ್ಳು. ಇಬ್ಬರಿಗೂ ಗೊತ್ತಿತ್ತು.

ಒಂದು ದಿನ ಜೀವನ್ ರಜೆಯಲ್ಲಿದ್ದ. ವಿಂಡೋಸ್ ಕಂಪ್ಯೂಟರ್‌ಗಳಿಂದ ಒಂದು ಫೈಲೂ ಸೇವ್ ಆಗುತ್ತಿಲ್ಲ. ಸರ್ವರ್ ಎಲ್ಲರಿಗೂ 'ಅನುಮತಿ ಇಲ್ಲ' ಅನ್ನುತ್ತಿತ್ತು. ಮೋಹನ್ ಕುಮಾರ್ ಹಿಂದೆ ನಿಂತು ಅವಸರ ಮಾಡುತ್ತಿದ್ದರು. ಕೀರ್ತನಾ ಸೆಟ್ಟಿಂಗ್‌ನಲ್ಲಿ ಒಂದೇ ಒಂದು ಸಾಲು ಬರೆದಳು. ವಿಂಡೋಸ್‌ನಿಂದ ಯಾರೇ ಬಂದರೂ ಸರ್ವರ್ ಅವರನ್ನು ಜೀವನ್ ಎಂದೇ ತಿಳಿಯಬೇಕು. ತಕ್ಷಣ ಎಲ್ಲ ಸರಿಹೋಯಿತು. 'ನಾಳೆ ಅವನು ಬಂದ ಮೇಲೆ ನೆಟ್ಟಗೆ ಮಾಡೋಣ' ಅಂದುಕೊಂಡವಳು ಮರೆತೇಬಿಟ್ಟಳು.

ಕೆಲವು ತಿಂಗಳ ನಂತರ ಬ್ಯಾಡರಹಳ್ಳಿಯಿಂದ ಸತ್ಯವತಿ ಎಂಬುವರು ಬಂದರು. ಮಗಳ ಮದುವೆಯಾದ ಕೆಲವೇ ವಾರಕ್ಕೆ ಗಂಡ ಚಿಕ್ಕಣ್ಣ ಎದೆನೋವಿನಿಂದ ತೀರಿಕೊಂಡಿದ್ದರು. ಆ ದುಃಖದಲ್ಲಿ ವಿಡಿಯೋ ಒಯ್ಯಲು ಯಾರೂ ಬಂದಿರಲಿಲ್ಲ.

"ಧಾರೆ ಎರೆಯುವಾಗ ಅವರು ಅತ್ತು, ಆಮೇಲೆ ನಕ್ರಪ್ಪಾ. ಅದೊಂದು ತೋರಿಸಿ."

ಆ ಮದುವೆಯ ಫೋಲ್ಡರೇ ಇರಲಿಲ್ಲ. ಬ್ಯಾಕಪ್ ಕೂಡ ಸರ್ವರ್‌ನ ತದ್ರೂಪು. ಅಲ್ಲಿ ಹೋದದ್ದು ಇಲ್ಲೂ ಹೋಗಿತ್ತು. ಸತ್ಯವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತರು.

"ಲಾಗ್ ನೋಡಮ್ಮ ಕೀರ್ತನಾ," ಅಂದರು ಮೋಹನ್ ಕುಮಾರ್. "ಯಾರು ಅಳಿಸಿರೋದು?"

ಅವಳು ನೋಡಿದಳು.

"ಜೀವನ್... ಅಂತಿದೆ ಸಾರ್."

ಜೀವನ್ ಪರದೆಯನ್ನು ನೋಡಿದ. ಆಮೇಲೆ ಅವಳನ್ನೇ ನೋಡುತ್ತ ನಿಂತ. ಅವಳು ತಲೆ ಎತ್ತಲಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಹಿರಿಯರು. ಈ ಹುಡುಗಿಗೆ ಆ ಹೊತ್ತಿನಲ್ಲಿ ಆ ಬುದ್ಧಿ ಬರಲಿಲ್ಲ. ಅವನು ಒಂದೂ ಮಾತಾಡದೆ ಹೆಲ್ಮೆಟ್ ತೆಗೆದುಕೊಂಡು ಹೊರಟುಹೋದ. ಮತ್ತೆ ಬರಲಿಲ್ಲ.

'ತಪ್ಪು ಮಾಡದಿದ್ದರೆ ಹೇಳ್ತಿದ್ದ ಅಲ್ವಾ?' ಎಂದು ಅವಳು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ಸಮಾಧಾನ ಆಗಲಿಲ್ಲ. ಊಟ ಸೇರುತ್ತಿರಲಿಲ್ಲ. ಬೈಕ್ ಸದ್ದು ಕೇಳಿದರೆ ಕಿಟಕಿಗೆ ಹೋಗಿ ನಿಲ್ಲುತ್ತಿದ್ದಳು.

ಮುಂದೆ ರಾಜಾಜಿನಗರದ ಒಂದು ಆಫೀಸಿನಲ್ಲಿ ಅವಳಿಗೆ ಅದೇ ಕೆಲಸ ಸಿಕ್ಕಿತು. ಅದೇ ಬಗೆಯ ಸರ್ವರ್, ಅದೇ ವಿಂಡೋಸ್, ಅದೇ 'ಅನುಮತಿ ಇಲ್ಲ'. ಅಭ್ಯಾಸಬಲದಿಂದ ಬೆರಳು ಅದೇ ಸಾಲನ್ನು ಬರೆಯತೊಡಗಿತು. ಅರ್ಧಕ್ಕೆ ನಿಂತಿತು.

ಅಯ್ಯೋ... ವಿಂಡೋಸ್‌ನಲ್ಲಿ ಯಾರು ಅಳಿಸಿದರೂ ಲಾಗ್‌ನಲ್ಲಿ ಬೀಳುತ್ತಿದ್ದದ್ದು ಅವನ ಹೆಸರು! ಹಾಗೆ ಮಾಡಿದವಳು ನಾನು!

ಅವಳು ನೇರ ಮೋಹನ್ ಕುಮಾರ್ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಆಲ್ಬಂ ವಿಭಾಗದವರು ಜಾಗ ಸಾಲದೆ ಹಳೆಯದೆಂದು ಅಳಿಸಿದ್ದು ಆಗ ಹೊರಬಿತ್ತು. ಅಲ್ಲಿಂದ ಬ್ಯಾಡರಹಳ್ಳಿಗೆ ಹೋದಳು. ಸತ್ಯವತಿ ಎಲ್ಲ ಕೇಳಿಸಿಕೊಂಡರು. ಬೈಯಲಿಲ್ಲ. ಎದ್ದು ಒಳಗೆ ಹೋದವರು ಹೊರಗೆ ಬರಲೇ ಇಲ್ಲ.

ಮರುದಿನ ಸಂಜೆ ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಜೀವನ್ ಸಿಕ್ಕ. ಸೊರಗಿಹೋಗಿದ್ದ. ಅವಳನ್ನು ಕಂಡು ಎದ್ದು ಹೋಗಲಿಲ್ಲ, ಅಷ್ಟೇ.

"ಆ ಸಾಲು ಬರೆದಿದ್ದು ನಾನು," ಅಂದಳು.

"ಗೊತ್ತು. ಮೋಹನ್ ಸಾರ್ ಫೋನ್ ಮಾಡಿದ್ರು. ಅದಕ್ಕೂ ಮುಂಚೆನೇ ಗೊತ್ತಿತ್ತು. ಅವತ್ತು ನನ್ನ ಹೆಸರು ಕಂಡಾಗ್ಲೇ ಅರ್ಥ ಆಯ್ತು."

"ಮತ್ಯಾಕೆ ಹೇಳ್ಲಿಲ್ಲ? ನಂದು ತಪ್ಪು ಅಂತ ಎಲ್ರ ಮುಂದೆ ಹೇಳ್ಬಹುದಿತ್ತಲ್ಲ..."

ಅವನು ಕೆರೆಯ ಕಡೆಗೆ ತಿರುಗಿದ.

"ನೀನು ಕೇಳ್ತೀಯ ಅಂತ ಕಾದೆ ಕಣೇ. ನೀನು ಸರ್ವರ್‌ನ ಕೇಳ್ದೆ. ನನ್ನ ಕೇಳ್ಲಿಲ್ಲ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ವಾಕಿಂಗ್ ಬಂದವರು ನೋಡಿಕೊಂಡು ಹೋದರು. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು ಅವನ ಕಣ್ಣನ್ನೇ ನೋಡಿದಳು.

"ಜೀವನ್... ಅದನ್ನ ಅಳಿಸಿದ್ದು ನೀನಾ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಆದರೂ ಅವನು ಹೇಳಿದ.

"ಅಲ್ಲ ಕಣೇ. ನಾನಲ್ಲ."

"ಹೂಂ... ಅವತ್ತೇ ಕೇಳ್ಬೇಕಿತ್ತು." ಅವಳು ಅವನ ಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

"ಆ ಅಮ್ಮನ ಮನೆಗೆ ಒಬ್ಳೇ ಹೋಗಿದ್ಯಂತೆ?"

"ಹೂಂ. ಮಾತೇ ಆಡ್ಲಿಲ್ಲ ಅವ್ರು."

"ಭಾನುವಾರ ಇನ್ನೊಂದ್ಸಲ ಹೋಗೋಣ. ನಾನೂ ಬರ್ತೀನಿ."

"ಬೈದ್ರೆ?"

"ಇಬ್ರೂ ಬೈಸ್ಕೊಳ್ಳೋಣ."