ಮನಸ್ಸಿನ ಹೆಸರು

ಹುಳು ಹಣ್ಣಾಗಿತ್ತು.

ಆದಿಲಕ್ಷ್ಮಿ ಬೆಳಕು ಹರಿಯುವ ಮೊದಲೇ ಹುಳುಮನೆಗೆ ಬಂದು ಕೂತಿದ್ದಳು. ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ತಿಳಿಯಾಗಿ, ತಲೆಯೆತ್ತಿ ಗೂಡಿಗೆ ಜಾಗ ಹುಡುಕುವ ರೇಷ್ಮೆ ಹುಳುಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನಿಂದ ಹೆಣೆದ ಚಂದ್ರಿಕೆಗೆ ಬಿಡುತ್ತಿದ್ದಳು. ಬೇಗ ಬಿಟ್ಟರೆ ಗೂಡು ತೆಳ್ಳಗೆ. ತಡವಾದರೆ ನೂಲೆಲ್ಲ ತಟ್ಟೆಯಲ್ಲೇ ಹಾಳು.

"ಅಮ್ಮಾ!" ಮಗಳು ಶ್ಯಾಮಲ ಓಡಿ ಬಂದಳು. "ಯಾರೋ ಗಾಡೀಲಿ ಚಂದ್ರಿಕೆ ತಂದವ್ರೆ! ತಾತ ಅವ್ರನ್ನ ತಬ್ಕೊಂಡ್ಬಿಟ್ರು!"

ಆದಿಲಕ್ಷ್ಮಿಯ ಕೈ ನಿಂತಿತು. ಚಂದ್ರಿಕೆ ಸಾಲದು, ಕ್ಯಾಲನೂರಿನಿಂದ ತರಿಸ್ತೀನಿ ಎಂದು ಅಪ್ಪ ನಿನ್ನೆ ಹೇಳಿದ್ದ. ಯಾರ ಮನೆಯಿಂದ ಎಂದು ಹೇಳಿರಲಿಲ್ಲ.

ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು.

ಗಂಗುಲಪ್ಪ!

ಏಳು ವರ್ಷ... ಕಿವಿಯ ಪಕ್ಕ ಕೂದಲು ಆಗಲೇ ನರೆತಿತ್ತು. ನಿಲ್ಲುವ ರೀತಿ ಮಾತ್ರ ಅದೇ, ಒಂದು ಕಾಲು ಹೊರಡಲು ಸಿದ್ಧವಿರುವಂತೆ.

"ಚೆನ್ನಾಗಿದ್ದೀಯಾ, ಆದಿ?"

"ಹ್ಞೂಂ. ಚಂದ್ರಿಕೆ ಆ ನೆರಳಿಗೆ ಇಡಿ."

'ಇಷ್ಟೇನಾ? ಏಳು ವರ್ಷ ಆದ್ಮೇಲೆ ಇವರಿಗೆ ಕೇಳೋಕಿದ್ದದ್ದು ಇಷ್ಟೇನಾ!'

ಅವಳ ಅಪ್ಪ ಸುಬ್ಬರಾಯಪ್ಪನಿಗೆ ಇದಾವುದೂ ಕಾಣಲಿಲ್ಲ. "ರಾ ನಾಯನಾ, ರಾ! ಬಾ, ಕೂತ್ಕೊ. ಇವತ್ತು ಏಷ್ಯನ್ ಗೇಮ್ಸ್ ಹಾಕಿ ಫೈನಲ್ಲು. ಕಾಮೆಂಟ್ರಿ ಕೇಳ್ಕೊಂಡೇ ಹೋಗು. ನಾಳೆ ರಾಯಲ್ಪಾಡಿಗೇ ಹೋಗ್ಬಿಡ್ತೀಯಂತೆ?"

"ಹೌದು ಮಾವ. ಅಲ್ಲಿ ಮಾವಿನ ತೋಟ ಗುತ್ತಿಗೆಗೆ ಹಿಡಿದಿದ್ದೀನಿ. ಇಲ್ಲಿ ಜಮೀನು ತಮ್ಮನಿಗೆ ಬಿಟ್ಟೆ. ಅಮ್ಮಾನೂ ಇಲ್ಲ, ಹೆಂಡ್ತಿ ಮಕ್ಕಳಂತೂ ಮೊದಲೇ ಇಲ್ಲ... ಇನ್ನು ಈ ಕಡೆ ಯಾಕೆ ಬರ್ಲಿ?"

ಆದಿಲಕ್ಷ್ಮಿ ಒಳಗೆ ಬಂದು ತಟ್ಟೆಯ ಮುಂದೆ ಕೂತಳು. ಕಣ್ಣು ಮಂಜಾಗಿ ಹಣ್ಣು ಹುಳು ಯಾವುದು, ಹಸಿ ಹುಳು ಯಾವುದು ತಿಳಿಯಲಿಲ್ಲ. ಇಷ್ಟು ವರ್ಷ ಒಂದು ಪ್ರಶ್ನೆಯನ್ನು ನುಂಗಿಕೊಂಡಿದ್ದಳು. ಇವತ್ತು ಕೇಳದಿದ್ದರೆ ಇನ್ನೆಂದೂ ಇಲ್ಲ.

*

ಎಪ್ಪತ್ತೈದರಲ್ಲಿ ಇದೇ ಮನೆಯ ಜಗಲಿಯ ಮೇಲೆ ಆಟದೊಳಗೊಂದು ಆಟ ನಡೆಯುತ್ತಿತ್ತು.

ವಿಶ್ವಕಪ್ ಹಾಕಿಯ ಒಂದೊಂದು ಪಂದ್ಯಕ್ಕೂ ಮೊದಲು ಸುಗಟೂರಿನ ಹುಡುಗರು ಸುಬ್ಬರಾಯಪ್ಪನ ರೇಡಿಯೋ ಸುತ್ತ ಸೇರಿ, ಸರದಿಯಂತೆ ಒಬ್ಬೊಬ್ಬ ಆಟಗಾರನ ಹೆಸರು ಹಿಡಿಯುತ್ತಿದ್ದರು. ಒಬ್ಬರು ಹಿಡಿದವನನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ನಿನ್ನ ಕೈಲಿರುವವನು ಗೋಲು ಹೊಡೆದರೆ ಪಾಯಿಂಟು ನಿನಗೆ. ಕೊನೆಗೆ ಸೋತವನು ಎಲ್ಲರಿಗೂ ಕಡಲೆಕಾಯಿ ಬೇಯಿಸಿ ಕೊಡಬೇಕು.

ಕ್ಯಾಲನೂರಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಗಂಗುಲಪ್ಪನ ಬಳಿ ಒಂದು ಸ್ಲೇಟಿತ್ತು. ಯಾರು ಎಷ್ಟು ಗೋಲು, ಯಾರ ಪೆನಾಲ್ಟಿ ಕಾರ್ನರ್ ಎಷ್ಟು ಖಚಿತ ಎಂದು ಪೇಪರುಗಳಿಂದ ಹೆಕ್ಕಿ, ಒಂದನೆಯವನಿಂದ ಕೊನೆಯವನವರೆಗೆ ಆಟಗಾರರನ್ನು ಅದರಲ್ಲಿ ಸಾಲಾಗಿ ಬರೆದಿಡುತ್ತಿದ್ದ.

"ಇವ್ನ ಸ್ಲೇಟು ಒಡೆದು ಹಾಕ್ರೋ! ಆಟಾನ ಪರೀಕ್ಷೆ ಮಾಡ್ಬಿಟ್ಟ!" ಎಂದು ಹುಡುಗರು ಗೋಳಾಡುತ್ತಿದ್ದರು.

ಅದಕ್ಕೇ ಸುಬ್ಬರಾಯಪ್ಪ ಒಂದು ನಿಯಮ ಮಾಡಿದ್ದ. ಕೊನೆಯ ಹೆಸರನ್ನು ಮಾತ್ರ ಯಾವ ಲೆಕ್ಕವನ್ನೂ ನೋಡದೆ ಹೇಳಬೇಕು. ಅದನ್ನು ಮನಸ್ಸಿನ ಹೆಸರು ಅಂತಲೇ ಕರೆಯುತ್ತಿದ್ದರು.

ಗಂಗುಲಪ್ಪ ಅದನ್ನು ಬಾಗಿಲ ಹಿಂದೆ ಕೂತಿರುತ್ತಿದ್ದ ಆದಿಲಕ್ಷ್ಮಿಯಿಂದ ಕೇಳುತ್ತಿದ್ದ. ಅವಳಿಗೆ ಹಿಂದಿ ಬಾರದು. ಕಾಮೆಂಟ್ರಿಯವನ ದನಿ ಯಾವ ಹೆಸರಿಗೆ ಏರುತ್ತದೆ ಎಂದು ಕೇಳಿಯೇ ಹೇಳಿಬಿಡುತ್ತಿದ್ದಳು.

"ಹೇಳೇ ಆದಿ, ಯಾರು?"

"ಬೆಂಚ್ ಮೇಲೆ ಕೂರಿಸಿರ್ತಾರಲ್ಲ, ಆ ಫುಲ್‌ಬ್ಯಾಕು."

"ಅವನನ್ನ ಆಡಿಸೋದೇ ಇಲ್ಲ ಕಣೇ! ನನ್ನ ಸ್ಲೇಟಲ್ಲಿ ಅವನೇ ಕಡೆ."

"ಸುಮ್ನೆ ಕೂತವನ ಕೈ ಹಸ್ಕೊಂಡಿರುತ್ತೆ. ನೋಡ್ತಾ ಇರಿ."

ಅವನು ಕೇಳಲಿಲ್ಲ. ಸ್ಲೇಟು ಹೇಳಿದವನನ್ನೇ ಹಿಡಿದ. ಸೆಮಿಫೈನಲ್ಲಿನಲ್ಲಿ ಭಾರತ ಸೋತೇಬಿಟ್ಟಿತು ಎನ್ನುವಾಗ ಬೆಂಚಿನಿಂದ ಎದ್ದು ಬಂದ ಅದೇ ಫುಲ್‌ಬ್ಯಾಕು ಗೋಲು ಹೊಡೆದು ಉಳಿಸಿದ! ಊರೆಲ್ಲ ಕುಣಿಯುತ್ತಿದ್ದರೆ ಗಂಗುಲಪ್ಪ ಬಾಗಿಲ ಕಡೆ ತಿರುಗಿ, ಸೋತ ಮುಖದಲ್ಲೇ ನಕ್ಕಿದ್ದ.

'ಇನ್ನು ಮೇಲೆ ಇವರು ಮನಸ್ಸಿನ ಮಾತು ಕೇಳ್ತಾರೆ...' ಎಂದುಕೊಂಡಿದ್ದಳು ಆದಿಲಕ್ಷ್ಮಿ.

ಅದೇ ತಿಂಗಳು ಅವಳಿಗೆ ಗಂಡುಗಳು ಬಂದವು. ಮಾಲೂರಿನಿಂದ ಒಂದು, ಮುಳಬಾಗಿಲಿನಿಂದ ಒಂದು, ಶ್ರೀನಿವಾಸಪುರದಿಂದ ಒಂದು.

"ನೀನೇ ಹೋಗಿ ವಿಚಾರಿಸ್ಕೊಂಡು ಬಾರಪ್ಪ. ನಿನ್ನ ಕಣ್ಣು ತಪ್ಪಲ್ಲ," ಎಂದು ಸುಬ್ಬರಾಯಪ್ಪ ಗಂಗುಲಪ್ಪನನ್ನೇ ಕಳಿಸಿದ.

ಮೂರೂ ಊರು ಸುತ್ತಿ ಬಂದ ಗಂಗುಲಪ್ಪ ಜಗಲಿಯ ಮೇಲೆ ಕೂತು ಅದೇ ಸ್ಲೇಟಿನ ಮೇಲೆ ಬರೆದ. ಕೆಲಸ, ಮನೆ, ನೀರಾವರಿ, ಅತ್ತೆಯ ಬಾಯಿ. ಎಲ್ಲ ಕೂಡಿಸಿದಾಗ ಮಾಲೂರಿನ ಗುಮಾಸ್ತ ಮೊದಲನೆಯವನು.

ಬಾಗಿಲ ಹಿಂದೆ ಆದಿಲಕ್ಷ್ಮಿ ಕಿವಿಗೊಟ್ಟು ನಿಂತಿದ್ದಳು. 'ಇನ್ನು ಮನಸ್ಸಿನ ಹೆಸರು ಬಾಕಿ ಇದೆ... ಈಗ ಹೇಳ್ತಾರೆ... ಈಗ!'

ಗಂಗುಲಪ್ಪ ಬಳಪ ಕೆಳಗಿಟ್ಟು, ಸ್ಲೇಟನ್ನು ಅಲ್ಲೇ ಬಿಟ್ಟು, ಸೈಕಲ್ಲು ಹತ್ತಿ ಹೊರಟುಹೋದ.

'ಇವರಿಗೆ ನಾನು ಬೇಕಿರಲಿಲ್ಲ.' ಅವಳು ಮಾಲೂರಿಗೆ ಹ್ಞೂಂ ಎಂದಳು.

ಮಾಲೂರಿನವನು ಒಳ್ಳೆಯವನೇ ಆಗಿದ್ದ. ಒಂದು ದಿನವೂ ದನಿ ಏರಿಸಿದವನಲ್ಲ. ಮಗಳಿಗೆ ನಾಲ್ಕು ತುಂಬುವಷ್ಟರಲ್ಲಿ ಕಾಮಾಲೆ ಅವನನ್ನು ಕೊಂಡೊಯ್ದಿತು. ಆದಿಲಕ್ಷ್ಮಿ ಶ್ಯಾಮಲಳನ್ನು ಎತ್ತಿಕೊಂಡು ಸುಗಟೂರಿಗೆ ಬಂದಳು. ಮಗು ಅಕ್ಷರ ಕಲಿತದ್ದು ಜಗಲಿಯಲ್ಲಿ ಉಳಿದಿದ್ದ ಆ ಸ್ಲೇಟಿನ ಮೇಲೆ.

*

ಮಧ್ಯಾಹ್ನ ರೇಡಿಯೋ ಹಾಕಿದರು. ತಾತ ಮೊಮ್ಮಗಳಿಗೆ ಆಟ ಹೇಳಿಕೊಟ್ಟ. ಗಂಗುಲಪ್ಪ ಸ್ಲೇಟಿನಲ್ಲಿ ಹೆಸರುಗಳನ್ನು ಸಾಲಾಗಿ ಬರೆದುಕೊಟ್ಟ.

"ಮೊದಲು ಇದನ್ನ ನೋಡ್ಕೊಂಡು ಆರಿಸು, ಪಾಪ. ಕೊನೇದು ಮಾತ್ರ ಕಣ್ಣು ಮುಚ್ಕೊಂಡು ಹೇಳ್ಬೇಕು. ಅದು ಮನಸ್ಸಿನ ಹೆಸರು."

"ಯಾಕೆ ಕಣ್ಣು ಮುಚ್ಚೋದು?"

"ಕಣ್ಣು ತೆರೆದ್ರೆ ಭಯ ಆಗುತ್ತಲ್ಲ, ಅದಕ್ಕೆ."

ಒಳಗಿದ್ದ ಆದಿಲಕ್ಷ್ಮಿಗೆ ಆ ಮಾತು ಚುಚ್ಚಿತು.

ಆಟ ಮಾತ್ರ ಯಾರ ಲೆಕ್ಕಕ್ಕೂ ಸಿಗಲಿಲ್ಲ. ಪಾಕಿಸ್ತಾನ ಒಂದಾದ ಮೇಲೊಂದು ಗೋಲು ಹೊಡೆಯಿತು. ಏಳಕ್ಕೆ ಒಂದು! ಸುಬ್ಬರಾಯಪ್ಪ ರೇಡಿಯೋ ಆರಿಸಿ, ಮುಖಕ್ಕೆ ಟವಲು ಹೊದ್ದು ಜಗಲಿಯಲ್ಲೇ ಮಲಗಿಬಿಟ್ಟ. ಬೀದಿಯಲ್ಲಿ ಒಂದು ದನಿಯಿಲ್ಲ.

"ಮಾವ, ನಿಮ್ಮ ಸ್ಲೇಟು ಸೋತೋಯ್ತು," ಎಂದಳು ಶ್ಯಾಮಲ.

"ಅದಕ್ಕೇನು ಹೊಸದಾ ಪಾಪ, ಸೋಲೋದು..."

ಹುಳು ಇನ್ನೂ ಅರ್ಧ ತಟ್ಟೆ ಉಳಿದಿತ್ತು. ಗಂಗುಲಪ್ಪ ಕೇಳದೆಯೇ ಬಂದು ಆದಿಲಕ್ಷ್ಮಿಯ ಎದುರು ಕೂತು ಆರಿಸತೊಡಗಿದ.

"ಅದು ಹಸಿ ಹುಳು. ಬಿಡಿ. ಇಷ್ಟು ವರ್ಷ ಹುಳು ಸಾಕಿ ಅಷ್ಟೂ ಗೊತ್ತಾಗಲ್ವಾ?"

"ಗೊತ್ತಾಗುತ್ತೆ. ಇವತ್ತು ಕಣ್ಣು ಒಂದು ಕಡೆ ನಿಲ್ತಿಲ್ಲ."

ಅವಳು ತಲೆಯೆತ್ತಲಿಲ್ಲ. ಇನ್ನೆರಡು ಹುಳು ಆರಿಸಿ ಚಂದ್ರಿಕೆಗೆ ಬಿಟ್ಟಳು.

"ಅವರು ಒಳ್ಳೆಯವರಿದ್ರು," ಎಂದಳು ಕೊನೆಗೆ. "ನಿಮ್ಮ ಲೆಕ್ಕ ತಪ್ಪಿರ್ಲಿಲ್ಲ."

"ಆದಿ..."

"ಹೇಳೋಕೆ ಬಿಡಿ. ಲೆಕ್ಕ ಹಾಕಿದ್ದಕ್ಕೆ ನಂಗೆ ಸಿಟ್ಟಿಲ್ಲ. ಇಂಥ ದಿನ ಹುಳು ಹಣ್ಣಾಗುತ್ತೆ ಅಂತ ಲೆಕ್ಕವೇ ಹೇಳ್ಬೇಕು. ಆದ್ರೆ ಯಾವ ಹುಳು ಅಂತ ಲೆಕ್ಕ ಹೇಳಲ್ಲ. ಅವತ್ತು ನೀವು ಅರ್ಧ ಆಟ ಆಡಿ ಎದ್ದು ಹೋದ್ರಿ. ನಾನು ಬಾಗ್ಲ ಹಿಂದೆ... ನಿಂತೇ ಇದ್ದೆ."

ಗಂಗುಲಪ್ಪನ ಬೆರಳ ಮೇಲೆ ಒಂದು ಹುಳು ತಲೆಯೆತ್ತಿ ಗಾಳಿಯಲ್ಲಿ ಏನೋ ಹುಡುಕುತ್ತಿತ್ತು.

"ನನ್ನನ್ನೂ ಲೆಕ್ಕ ಹಾಕಿದ್ದೆ ಕಣೇ, ದಾರೀಲಿ, ಸೈಕಲ್ ಮೇಲೆ. ಎರಡೆಕರೆ ಹಿಪ್ಪುನೇರಳೆ, ಸೋರೋ ಮನೆ, ಹಾಸಿಗೆ ಹಿಡಿದ ಅಮ್ಮ. ಎಷ್ಟು ಸಲ ಕೂಡಿಸಿದ್ರೂ ನಾನೇ ಕಡೆ. ಕಡೆಯವನ ಕೈಗೆ ನಿನ್ನ ಕೊಡಿ ಅಂತ ಯಾವ ಬಾಯಲ್ಲಿ ಕೇಳ್ಲಿ?"

"ಬೆಂಚ್ ಮೇಲೆ ಕೂತವನನ್ನ ಆರಿಸಿದ್ದು ಯಾರು? ನಾನಲ್ವಾ?" ಅವಳು ಈಗ ತಲೆಯೆತ್ತಿದಳು. "ಒಂದೇ ಒಂದು ಸಲ ನನ್ನ ಕೇಳಬಾರ್ದಿತ್ತಾ!"

ಗಂಗುಲಪ್ಪ ಬೆರಳಿನ ಹುಳುವನ್ನು ಮೆಲ್ಲಗೆ ಚಂದ್ರಿಕೆಗೆ ಬಿಟ್ಟು, ಕಣ್ಣೊರೆಸಿಕೊಂಡು ಎದ್ದ.

ಹೊತ್ತು ಇಳಿಯುತ್ತಿತ್ತು. ಅಂಗಳಕ್ಕೆ ಹೋಗಿ ಎತ್ತುಗಳನ್ನು ಬಿಚ್ಚಿದ. ನೊಗಕ್ಕೆ ಕಟ್ಟಲು ಹಗ್ಗ ಕೈಗೆತ್ತಿಕೊಂಡ. ಆದಿಲಕ್ಷ್ಮಿ ಹುಳುಮನೆಯ ಬಾಗಿಲಿಗೆ ಬಂದು ನಿಂತಳು. ಈ ಸಲ ಬಾಗಿಲ ಹಿಂದೆ ಅಲ್ಲ, ಮುಂದೆ.

"ಇನ್ನು... ಹೊರಡ್ತೀನಿ, ಆದಿ."

ಅವಳ ಬಾಯಿ ತೆರೆಯಿತು. ಹೋಗಲೇಬೇಕಾ ಎಂಬ ಪ್ರಶ್ನೆ ನಾಲಿಗೆಯ ತುದಿಯಲ್ಲೇ ಇತ್ತು. ವಿಧವೆ, ಆರು ವರ್ಷದ ಮಗಳ ತಾಯಿ, ಊರಿನ ನಾಲ್ಕು ಬಾಯಿ... ಇವಳ ಲೆಕ್ಕವೂ ಅವನ ಲೆಕ್ಕದಷ್ಟೇ ಉದ್ದವಾಗಿತ್ತು. ಆದರೂ ಅವಳು ಕಣ್ಣು ತಗ್ಗಿಸಲಿಲ್ಲ. ಅವನೂ ತಗ್ಗಿಸಲಿಲ್ಲ.

ಹೊಸಿಲ ಮೇಲೆ ಅಷ್ಟೂ ಹೊತ್ತು ಸುಮ್ಮನೆ ಕೂತು ಕೇಳುತ್ತಿದ್ದ ಶ್ಯಾಮಲ ಎದ್ದಳು. ಅಮ್ಮನ ಮುಖ ನೋಡಿದಳು, ಆತನ ಮುಖ ನೋಡಿದಳು. ಲಂಗದ ಅಂಚಿನಿಂದ ಸ್ಲೇಟಿನ ಮೇಲಿದ್ದ ಸೋತ ಹೆಸರುಗಳನ್ನೆಲ್ಲ ಒರೆಸಿ, ಗಾಡಿಯ ಬಳಿ ಹೋಗಿ ಅವನ ಅಂಗಿ ಹಿಡಿದೆಳೆದಳು.

"ಮಾವ, ಕಣ್ಣು ಮುಚ್ಕೊಳ್ಳಿ."

ಗಂಗುಲಪ್ಪ ಕಣ್ಣು ಮುಚ್ಚಿದ. ಹಗ್ಗ ಕೈಯಿಂದ ಕೆಳಗೆ ಬಿತ್ತು.

"ಈಗ ಹೇಳಿ, ನಿಮ್ಮ ಮನಸ್ಸಿನ ಹೆಸರು ಯಾರ್ದು? ನಂಗೆ ಅಮ್ಮನ ಹೆಸರು ಒತ್ತಕ್ಷರ ಸಮೇತ ಬರೆಯೋಕೆ ಬರುತ್ತೆ... ಬರೀಲಾ?"